ಎರಡೇ ಖಾನೆ

ನೀರ್ಚಾಲಿನಲ್ಲಿ ಬಸ್ಸಿಳಿದು ಮುರಕಲ್ಲಿನ ಗುಡ್ಡೆ ಹತ್ತಿದರೆ
ಮನೆ ನಂಬರು ಎಪ್ಪತ್ತಮೂರು, ಸಿಸ್ಟರುಗಳ ಕಾನ್ವೆಂಟು.
ನಾನು ಜನಗಣತಿಯ ಟೀಚರು. ಕಂಕುಳಲ್ಲಿ ಫಾರಂ,
ಪೆನ್ನು ಬಿಸಿಲಿಗೆ ಕಕ್ಕಿ ಬೆರಳೆಲ್ಲ ನೀಲಿ.

ಹೆಸರು? ಅಪೊಲಿನ್ ಮೊಂತೆರೊ.
ಪ್ರಾಯ? ಎಪ್ಪತ್ತೆಂಟು.
ಮಾತೃಭಾಷೆ? ಕೊಂಕಣಿ.
ಬಲ್ಲ ಇತರ ಭಾಷೆ? ಎರಡೇ ಖಾನೆ, ಸಿಸ್ಟರ್.

ಎರಡೆ! ಈ ಊರಲ್ಲಿ ಮೀನಿನವನನ್ನು ಕರೆದು
ಚೌಕಾಸಿ ಮಾಡಿ ಬೈದು ಕಳಿಸಲಿಕ್ಕೇ ಮೂರು ಬೇಕು.
ಕನ್ನಡ ಬರಿ, ನಿನ್ನ ಖುಷಿಗೆ.
ತುಳು ಬಿಡು, ಅದು ಮುನಿಯುವುದಿಲ್ಲ.
ಎರಡನೆಯದಕ್ಕೆ ಬರಿ,
ಅನ್ನುತ್ತಾ ನಾಲಿಗೆಯನ್ನು ಕೆನ್ನೆಯ ಬದಿಗೊತ್ತಿ ಬಿಟ್ಟರು.

ಗೋಡೆಯ ಹಲ್ಲಿಯೇ ಅಂದುಕೊಂಡು
ಬೆರಳಿಂದ ಮೇಜು ಕುಟ್ಟಿ ‘ಕೃಷ್ಣ’ ಅಂದೆ, ಶಿಲುಬೆಯ ಕೆಳಗೆ.
ಸಿಸ್ಟರು ಬಿದ್ದು ಬಿದ್ದು ನಕ್ಕರು. ಹಲ್ಲಿಯಲ್ಲ ಮಾರಾಯ್ತಿ,
ಅದು ಭಾಷೆಯ ಹೆಸರು. ಆ ಸದ್ದು, ಬೆನ್ನಿಗೇ ‘ಓಸಾ’.
ದಕ್ಷಿಣ ಆಫ್ರಿಕದ್ದು. ಮೂವತ್ತೊಂದು ವರ್ಷ
ಅದರಲ್ಲೇ ಹೆರಿಗೆ ಮಾಡಿಸಿದ್ದೇನೆ.

ನಲವತ್ತೊಂಬತ್ತು ಅಕ್ಷರ ತಿದ್ದಿಸುವವಳು ನಾನು,
ಅ ದಿಂದ ಳ ದವರೆಗೆ ಹುಡುಕಿದೆ. ಇಲ್ಲ.

ನಮ್ಮದಕ್ಕೆ ಮಾತ್ರ ಎಲ್ಲಿದೆ, ಅಂದರು.
ಕೊಂಕಣಿ ಇಲ್ಲಿ ನಿಮ್ಮ ಲಿಪಿಯಲ್ಲಿ ಬಾಡಿಗೆಗಿದೆ,
ಗೋವೆಯಲ್ಲಿ ಇನ್ನೊಬ್ಬರ ಮನೆ, ಕೊಚ್ಚಿಯಲ್ಲಿ ಮತ್ತೊಬ್ಬರದು.
ಅವರೂ ಬಾಡಿಗೆಯವರೇ. ಆದರೆ ಇಂಗ್ಲಿಷಿನಲ್ಲಿ
ಅರ್ಧ ಹೊತ್ತು ಸುಮ್ಮನೆ ಕೂತಿರುವ ಮೂರು ಅಕ್ಷರಗಳನ್ನು ಎಬ್ಬಿಸಿ
ಈ ಸದ್ದುಗಳ ಕೂಲಿಗೆ ಹಚ್ಚಿದ್ದಾರೆ.

ಅವರಿಗೆ ನಾಲಿಗೆ, ನಮಗೆ ಮೂಗು.
ಹಾಂವ್. ನೋಡು, ‘ನಾನು’ ಅನ್ನಲಿಕ್ಕೇ ಮೂಗು ಬೇಕು.
ನೆಗಡಿಯಾದ ದಿನ ಕೊಂಕಣಿಯಲ್ಲಿ ನಾನೇ ಇಲ್ಲ.
ಭುರ್ಗೆಂ ಒಂದು ಮಗು, ಭುರ್ಗಿಂ ಹಲವು: ಬಾಲದ ತುದಿ ಅಲ್ಲಾಡಿದರೆ ಸಾಕು.
ಅಲ್ಲಿ ಉಮ್ನ್‌ತ್ವಾನಾ ಹೋಗಿ ಅಬಾನ್‌ತ್ವಾನಾ,
ಎರಡನೆಯ ಕೂಸು ಬಂತೋ, ಶಬ್ದ ಮುಂಡಾಸನ್ನೇ ಬದಲಿಸುತ್ತದೆ.
ಮತ್ತೆ, ನಮ್ಮಲ್ಲಿ ಹುಡುಗಿಯೆಂದರೆ ‘ತೆಂ’,
ಅದು. ಹಟ್ಟಿಯ ಕರುವಿನ ಪಂಕ್ತಿ.
ಮದುವೆಯೋ ವಯಸ್ಸೋ ಆದಮೇಲೆ ‘ತಿ’ ಎಂಬ ಬಡ್ತಿ.
ಅಲ್ಲಿ ಬಿಷಪರೂ ‘ಯೇನಾ’, ಬಾಣಂತಿಯೂ ‘ಯೇನಾ’.
ನನಗೆ ಇಪ್ಪತ್ತಾರು. ಮೊದಲ ಸಲ ಹಾಗೆ ಅನ್ನಿಸಿಕೊಂಡಾಗ
ಹಿಂದೆ ಯಾರೋ ನಿಂತಿದ್ದಾರೆಂದು ತಿರುಗಿ ನೋಡಿದ್ದೆ.

ಆಮೇಲೆ ಕಿಟಕಿಯ ಕಡೆ ನೋಡುತ್ತಾ:
ಏಳನೇ ತಿಂಗಳಿಗೇ ಹುಟ್ಟಿದ ಒಂದು ಕೂಸು.
ತಾಯಿ ಇಟ್ಟ ಹೆಸರು ನೊ—ಓಲೊ.
ಶಾಂತಿ ಅಂತ ಅರ್ಥ, ನಡುವೆ ಆ ಕೆನ್ನೆಯ ಸದ್ದು.
ನನಗೆ ಹೊರಳಲಿಲ್ಲ. ನೊಕೊಲೊ ಅಂದೆ, ನೊಸೊಲೊ ಅಂದೆ.
ತಾಯಿ ತಿದ್ದಲಿಲ್ಲ, ಕಾದಳು.
ಹತ್ತೊಂಬತ್ತನೇ ರಾತ್ರಿ ಸರಿಯಾಗಿ ಬಂತು.
ತಿರುಗಲಿಕ್ಕೆ ಅಷ್ಟರಲ್ಲಿ ಯಾರೂ ಇರಲಿಲ್ಲ.

ನಾನು ಲೊಚಗುಟ್ಟಿದೆ. ಬೇಕೆಂದು ಅಲ್ಲ,
ಸಾವಿನ ಸುದ್ದಿಗೆ ನಮ್ಮ ನಾಲಿಗೆ ತಾನಾಗಿ ಮಾಡುವುದು.

ಹಾಂ, ಅದೇ! ಎಂದು ಸಿಸ್ಟರು ಮೇಜು ತಟ್ಟಿದರು,
ಕ್ಲಾಸಿನಲ್ಲಿ ಉತ್ತರ ಸಿಕ್ಕಂತೆ.
ಅದು ಅವರ ಮೂರರಲ್ಲಿ ಒಂದು. ನಿನಗೆ ಹುಟ್ಟಾ ಬಂದಿದೆ.
ನೀನು ಅಯ್ಯೋ ಅನ್ನುವ ಸದ್ದು ಅವರ ‘ಬಾಗಿಲು’ ಶಬ್ದದ ನಡುವೆ ಕೂತಿದೆ.
ಕೆನ್ನೆಯದು ಮಾತ್ರ ಕಲಿಯಬೇಕು. ಎತ್ತು ಹೊಡೆಯುವವರನ್ನು ಕೇಳು.

ಫಾರಮ್ಮಿನಲ್ಲಿ ಒಂದು ಗೀಟೆಳೆದು ‘ಓಸಾ’ ಬರೆದೆ.
ಮೇಲಿನವರು ಕೇಳುತ್ತಾರೆ, ಕೇಳಲಿ.
ಎಪ್ಪತ್ತನಾಲ್ಕನೇ ಮನೆಗೆ ಬೀಗ.
ಇಳಿಯುವ ದಾರಿಯಲ್ಲಿ, ಯಾರೂ ಇಲ್ಲವೆಂದು ನೋಡಿಕೊಂಡು,
ನಾಲಿಗೆ ಬದಿಗೊತ್ತಿ ಆ ಹೆಸರು ಹೇಳಿದೆ.
ಒಮ್ಮೆ ಬರೀ ಉಗುಳು. ಒಮ್ಮೆ ಗಾಳಿ.
ಐದನೆಯದೋ ಆರನೆಯದೋ ಸಲ
ಗೇರುತೋಟದ ಬೇಲಿಯಾಚೆ ಕಟ್ಟಿದ್ದ ಒಂದು ಕರು
ಮೇಯುವುದನ್ನು ಬಿಟ್ಟು,
ಕಿವಿ ನಿಗುರಿಸಿ,
ನನ್ನ ಕಡೆ ತಿರುಗಿತು.